ಬಟಾಣಿಯ ಕಣ್ಣಲ್ಲಿನ ಕಿಟಕಿ

ಮುಚ್ಚಿದ ಕಣ್ಣನ್ನು ತೆರೆದು ಕೂರಿಸುವುದು ನನ್ನ ಕೆಲಸ. ನಗಬೇಡಿ, ಇದೂ ಒಂದು ಕಸುಬು. ಅಣ್ಣನದು ಫೋಟೋ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ಅವನು ತೆಗೆದದ್ದನ್ನು ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ನಾನು ತಿದ್ದುತ್ತೇನೆ. ಮೊಡವೆ ಅಳಿಸುತ್ತೇನೆ, ಹಾರಾಡುವ ಕೂದಲನ್ನು ತಗ್ಗಿಸುತ್ತೇನೆ, ಎರಡು ಗದ್ದ ಇದ್ದವರಿಗೆ ಒಂದನ್ನು ಕಡಿಮೆ ಮಾಡುತ್ತೇನೆ. ಹದಿನೈದು ಜನ ಸಾಲಾಗಿ ನಿಂತರೆ ಒಬ್ಬರಾದರೂ ಕಣ್ಣು ಮುಚ್ಚಿಯೇ ಇರುತ್ತಾರೆ. ಅವರದೇ ಇನ್ನೊಂದು ಫೋಟೋದಿಂದ ತೆರೆದ ಕಣ್ಣು ತಂದು ಹಚ್ಚಿದರೆ ಮುಗಿಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಶುದ್ಧ ಸುಳ್ಳು. ಫೋಟೋದಲ್ಲಿ ಹೆಗ್ಗಣ ಹೆಗ್ಗಣವಾಗಿಯೇ ಬಂದರೆ ಮೊದಲು ಜಗಳಕ್ಕೆ ಬರುವವರೇ ಹೆತ್ತವರು.

ಅಂಥ ಜಗಳ ಒಂದೆರಡು ಆದ ಮೇಲೆ ಅಣ್ಣ ಒಂದು ಕಟ್ಟಪ್ಪಣೆ ಮಾಡಿದ. ತಿದ್ದಿದ ಮೇಲೆ ಮೊದಲಿನದು ಎಲ್ಲಿಯೂ ಉಳಿಯಕೂಡದು. ತಿದ್ದಿದ್ದನ್ನು ಕಂಪ್ಯೂಟರಿನಲ್ಲಿ ಅದರ ಮೇಲೇ ಬರೆದುಬಿಡಬೇಕು, ಹಳೆಯದು ಅಳಿಸಿಹೋಗಬೇಕು. ಹಾಗಾಗಿ ನಮ್ಮ ಸ್ಟುಡಿಯೋದಲ್ಲಿ ಯಾರೂ ಎಂದೂ ಕಣ್ಣು ಮುಚ್ಚಿದ್ದಕ್ಕೆ ಸಾಕ್ಷಿಯಿಲ್ಲ.

ಈ ಕೆಲಸದಲ್ಲಿ ನನಗೊಂದು ಹುಚ್ಚು ಹಿಡಿದಿದೆ. ಕಣ್ಣನ್ನು ಪರದೆಯ ತುಂಬ ದೊಡ್ಡದು ಮಾಡಿದರೆ ಅದರೊಳಗೆ ಒಂದು ಕೋಣೆ ಕಾಣುತ್ತದೆ. ಕಪ್ಪು ಗುಡ್ಡೆಯ ಮೇಲೆ ಅಣ್ಣನ ಕೊಡೆದೀಪ, ಅಂದರೆ ಬಿಳಿ ಕೊಡೆ ಸಿಕ್ಕಿಸಿದ ಸ್ಟುಡಿಯೋ ದೀಪ, ದುಂಡಗೆ ಹೊಳೆಯುತ್ತಿರುತ್ತದೆ. ಅದರ ಪಕ್ಕ ಬಗ್ಗಿ ನಿಂತ ಅಣ್ಣ, ಅವನ ಹಿಂದೆ ಕಿಟಕಿಯ ಪರದೆ, ಇನ್ನೂ ಹಿಂದೆ ಅರ್ಧ ತೆರೆದ ಬಾಗಿಲು. ಮಧ್ಯಾಹ್ನ ಗಿರಾಕಿಗಳು ಇಲ್ಲದಾಗ ಒಂದು ಕಣ್ಣಿನ ಕೋಣೆಯಿಂದ ಇನ್ನೊಂದು ಕಣ್ಣಿನ ಕೋಣೆಗೆ ಹೋಗುತ್ತಾ ಕೂತಿರುತ್ತೇನೆ. ಕೋಣೆ ಒಂದೇ, ಆದರೆ ಒಬ್ಬರ ಕಣ್ಣಲ್ಲಿ ಅದು ಸಂಜೆಯ ಹಾಗೆ ಇರುತ್ತದೆ, ಇನ್ನೊಬ್ಬರ ಕಣ್ಣಲ್ಲಿ ನೀರೊಳಗೆ ಮುಳುಗಿದ ಹಾಗೆ. ಫ್ಯಾನು ತಿರುಗುತ್ತಿರುತ್ತದೆ, ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಾರೆ, ನಾನು ಎಲ್ಲಿದ್ದೇನೆಂಬುದು ನನಗೇ ಮರೆತುಹೋಗುತ್ತದೆ. "ಇವಳು ಕೂತಲ್ಲೇ ಊರು ಸುತ್ತುತ್ತಾಳೆ" ಅಂತ ಅಣ್ಣ ಹಂಗಿಸುತ್ತಾನೆ.

ಬಟಾಣಿ ಅಣ್ಣನ ಮಗಳು. ಹುಟ್ಟಿದಾಗ ಬಟ್ಟೆಯೊಳಗೆ ಅಷ್ಟೇ ದುಂಡಗೆ ಇದ್ದಳು, ಹೆಸರು ಅಂಟಿಕೊಂಡಿತು. ಅತ್ತಿಗೆಗೆ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೆಲಸ, ಬೆಳಗಿನ ಪಾಳಿ. ಅಮ್ಮ ಹೊರಟ ಮೇಲೆ ಶಾಲೆಯ ಹೊತ್ತಿನವರೆಗೆ ಬಟಾಣಿ ಸ್ಟುಡಿಯೋದಲ್ಲೇ. ದಿನಾ ಬೆಳಗ್ಗೆ ಬಾಗಿಲು ತೆರೆಯುವ ಮುಂಚೆ ಅಣ್ಣ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದದ ಕೆಳಗೆ ಒಂದು ಬೂದು ಬಣ್ಣದ ರಟ್ಟು ಹಿಡಿಸಿ, ದೀಪ ಸರಿಯಿದೆಯೇ ಎಂದು ನೋಡಲು ಒಂದೇ ಒಂದು ಫೋಟೋ ತೆಗೆಯುತ್ತಾನೆ. ಅವನು ಮುಖ ನೋಡುವುದಿಲ್ಲ, ಬೆಳಕು ನೋಡುತ್ತಾನೆ. ಅವಳ ಬೆನ್ನಹಿಂದೆ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಸರೋವರ. ಮೂರು ವರ್ಷದವಳಿದ್ದಾಗ ಆ ಸರೋವರಕ್ಕೆ ಕಾಲು ಇಳಿಬಿಡಲು ಹೋಗಿ ಧೊಪ್ಪನೆ ಬಿದ್ದವಳು ಅವಳು. "ನೀರು ಯಾಕೆ ಗಟ್ಟಿ ಇದೆ?" ಅಂತ ಕೇಳಿ ಅತ್ತಿದ್ದಳು.

ಅವಳಿಗೆ ಎಂಟು ತುಂಬುವ ಹೊತ್ತಿಗೆ ಆ ಬೆಳಗಿನ ಫೋಟೋಗಳೆಲ್ಲ ಒಂದು ಕಡೆ ರಾಶಿ ಬಿದ್ದಿದ್ದವು. ಹುಟ್ಟುಹಬ್ಬಕ್ಕೆ ಇದಕ್ಕಿಂತ ಒಳ್ಳೆಯ ಉಡುಗೊರೆ ಉಂಟೇ ಅನ್ನಿಸಿ, ಒಂದು ವರ್ಷದ್ದನ್ನು ಆರಿಸಿ, ಬರೀ ಮುಖ ತುಂಬುವಂತೆ ಕತ್ತರಿಸಿ, ಪ್ರತಿಯೊಂದರ ಕೆಳಗೆ ತಾರೀಕು ಹಾಕಿ ಆಲ್ಬಂ ಮಾಡಿದೆ. ಕೆಲವದರಲ್ಲಿ ಕಣ್ಣು ಮುಚ್ಚಿತ್ತು. ಕೆಲವು ಏನು, ಬಹಳ. ಕೈ ರೂಢಿ ನೋಡಿ, ಯೋಚನೆಯನ್ನೇ ಮಾಡಲಿಲ್ಲ. ಇಡೀ ವರ್ಷದಲ್ಲಿ ಅತಿ ಚೆಂದದ ಒಂದು ಜೊತೆ ಕಣ್ಣು ಹುಡುಕಿ, ಮುಚ್ಚಿದ ಕಡೆಯೆಲ್ಲ ಅದನ್ನೇ ಕೂರಿಸಿದೆ. ಎರಡೇ ದಿನದಲ್ಲಿ ಮುಗಿಸಿದೆ. ಎಲ್ಲವನ್ನೂ ಮೊದಲಿನದರ ಮೇಲೇ ಬರೆದೆ.

ಇಷ್ಟು ಹೇಳಿದ ಮೇಲೆ ಅಸಲು ಸಂಗತಿ ಹೇಳಬೇಕು. ಆ ಹೊತ್ತಿಗಾಗಲೇ ಬಟಾಣಿಗೆ ಕಣ್ಣು ಹೊಡೆದುಕೊಳ್ಳುವುದು ಶುರುವಾಗಿತ್ತು. ನಾವು ನೀವು ರೆಪ್ಪೆ ಬಡಿಯುವ ಹಾಗಲ್ಲ, ಮುಖವೆಲ್ಲ ಹಿಂಡಿ ಗಟ್ಟಿಯಾಗಿ ಮುಚ್ಚುವುದು, ಒಂದರ ಹಿಂದೆ ಒಂದು. ಜೊತೆಗೆ ಎಡ ಹೆಗಲು ಕಿವಿಯ ಕಡೆ ಹಾರುವುದು. ಆಮೇಲೆ ಗಂಟಲಿನಿಂದ "ಹ್ಞುಂ" ಅಂತ ಒಂದು ಸಣ್ಣ ಸದ್ದು. ಮನೆಯಲ್ಲಿ ಮೂರು ಜನರಿಗೆ ಮೂರು ಅಭಿಪ್ರಾಯ. ಟೀವಿ ನೋಡಿ ನೋಡಿ ಹೀಗಾಗಿದೆ ಅಂತ ಅಣ್ಣ. ತಾನು ಬೆಳಗಿನ ಹೊತ್ತು ಮನೆಯಲ್ಲಿ ಇರುವುದಿಲ್ಲ, ಅದಕ್ಕೇ ಅಂತ ಅತ್ತಿಗೆ. ಗಮನ ಸೆಳೆಯುವ ಚೇಷ್ಟೆ ಅಂತ ನಾನು. ಬಾಯಿ ಇದೆಯಲ್ಲ, ಆಡಿದೆ.

"ತಡ್ಕೋ" ಅನ್ನುತ್ತಿದ್ದ ಅಣ್ಣ, ಊಟಕ್ಕೆ ಕೂತಾಗ. "ಒಂದು ಹತ್ತು ನಿಮಿಷ ತಡ್ಕೊಂಡ್ರೆ ನಿನ್ನ ಗಂಟೇನು ಹೋಗತ್ತೆ?"

"ನಾನು ಮಾಡ್ತಿಲ್ಲಪ್ಪ. ಅದೇ ಬರತ್ತೆ."

"ಅದೇ ಅಂದ್ರೆ ಯಾವ್ದು?"

"ಒಳಗೆ ಕಡಿತ ಬಂದ ಹಾಗೆ ಆಗತ್ತೆ. ಮಾಡಿದ್ರೆ ಹೋಗತ್ತೆ. ಮತ್ತೆ ಬರತ್ತೆ."

"ಕಣ್ಣೊಳಗೆ ಕಡಿತ, ಹೆಗಲೊಳಗೆ ಕಡಿತ. ನೋಡೇ, ಏನು ಕಥೆ ಕಟ್ತಾಳೆ ನಿನ್ನ ಮಗಳು!"

ಶಾಲೆಯಿಂದ ಡೈರಿಯಲ್ಲಿ ಬರೆದು ಕಳಿಸಿದರು: ಬೇಕೆಂದೇ ಸದ್ದು ಮಾಡುತ್ತಾಳೆ, ಹಿಂದಿನ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಲಾಗಿದೆ. ಆ ಡೈರಿಗೆ ಸಹಿ ಹಾಕುವಾಗ ಅಣ್ಣನ ಮುಖ ಕೆಂಪಗಾಯಿತು. ಮಗಳ ಮೇಲೆ ಕೋಪವೋ ಶಾಲೆಯ ಮೇಲೋ ಅವನಿಗೇ ಗೊತ್ತಿರಲಿಲ್ಲ, ಬಿದ್ದದ್ದು ಮಾತ್ರ ಮಗಳ ಮೇಲೆ. ಆಗಲೇ ಅವನು ಕಪಾಟಿನಿಂದ ನನ್ನ ಆಲ್ಬಂ ತೆಗೆದು ಅವಳ ಮುಂದೆ ಹರಡಿದ್ದು.

"ಇಲ್ನೋಡು. ಕಣ್ಣು ಮುಚ್ಚಿರೋದು ಒಂದಾದ್ರೂ ಇದೆಯಾ? ಬೇಕು ಅಂದ್ರೆ ಸುಮ್ನೆ ಕೂರಕ್ಕೆ ಬರತ್ತೆ ನಿಂಗೆ. ನನ್ನ ಮುಂದೆ ಬರತ್ತೆ, ಟೀಚರ್ ಮುಂದೆ ಬರಲ್ವಾ?"

ಬಟಾಣಿ ಪುಟ ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಫೋಟೋದ ಕಣ್ಣಿನ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ತನ್ನ ಕಣ್ಣು ಮುಟ್ಟಿ ನೋಡಿಕೊಂಡಳು. ನಾನು ಅಲ್ಲೇ ಇದ್ದೆ. "ಅಣ್ಣಾ, ಆ ಕಣ್ಣು ನಾನು ಹಚ್ಚಿದ್ದು" ಅನ್ನಬೇಕಿತ್ತು. ನಾಲ್ಕು ಮಾತು. ಅನ್ನಲಿಲ್ಲ. ಯಾಕೆ ಅಂತ ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ಮೂವತ್ತು ವರ್ಷ ಕ್ಯಾಮೆರಾ ಹಿಡಿದವನಿಗೂ ನನ್ನ ಹಚ್ಚಿಕೆ ಕಾಣಲಿಲ್ಲವಲ್ಲ ಅಂತ ಒಳಗೊಳಗೇ ಹಿಗ್ಗಿದ್ದೆ. ಮರುದಿನ ಹೇಳಿದರಾಯಿತು ಅಂದುಕೊಂಡೆ. ಮರುದಿನ ಹೇಳುವುದು ಇನ್ನೂ ಕಷ್ಟವಾಯಿತು, ಅದರ ಮರುದಿನ ಮತ್ತೂ. ಅಷ್ಟರಲ್ಲಿ ಆ ಆಲ್ಬಂ ಮನೆಯಲ್ಲಿ ಅವಳ ವಿರುದ್ಧದ ಸಾಕ್ಷಿಯಾಗಿ ಕೂತಿತು. ಅವಳು "ಅದೇ ಬರತ್ತೆ" ಅಂದಾಗಲೆಲ್ಲ ಅಣ್ಣ ಬೆರಳಿನಿಂದ ಕಪಾಟು ತೋರಿಸುತ್ತಿದ್ದ. ಕೆಲವು ದಿನಗಳಲ್ಲಿ ಅವಳು ಹಾಗನ್ನುವುದನ್ನೇ ಬಿಟ್ಟಳು.

ಆಮೇಲೆ ಮನೆ ವಿಚಿತ್ರವಾಗಿ ನಿಶ್ಶಬ್ದವಾಯಿತು. ಬಟಾಣಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗಿನಿಂದ ನೀರು ಬಿಟ್ಟ ಸದ್ದು, ಅದರ ಅಡಿಯಲ್ಲಿ ಹ್ಞುಂ, ಹ್ಞುಂ, ಹ್ಞುಂ. ಕೂಡಿಟ್ಟದ್ದನ್ನೆಲ್ಲ ಅಲ್ಲಿ ಖಾಲಿ ಮಾಡಿ, ಮುಖ ತೊಳೆದು, ನಗುತ್ತಾ ಬರುತ್ತಿದ್ದಳು. ಒಂದು ಭಾನುವಾರ ಅತ್ತಿಗೆ ಆ ಬಾಗಿಲ ಹೊರಗೆ ನೆಲದ ಮೇಲೆ ಕೂತುಬಿಟ್ಟಿದ್ದರು. ನನ್ನನ್ನು ನೋಡಿ, "ನಾಳೆ ರಜೆ ಹಾಕ್ತೀನಿ. ಮಕ್ಕಳ ಡಾಕ್ಟ್ರಿಗೆ ತೋರಿಸೋಣ. ನೀನೂ ಬಾ, ನಂಗೊಬ್ಳಿಗೇ ಧೈರ್ಯ ಇಲ್ಲ" ಅಂದರು. ಮರುದಿನ ಅಣ್ಣನೂ ಸ್ಟುಡಿಯೋಗೆ ಬೀಗ ಹಾಕಿ ಹೊರಟ. ಅವನ ಕಂಕುಳಲ್ಲಿ ಆಲ್ಬಂ ಇತ್ತು.

ಆಸ್ಪತ್ರೆಯ ಆ ಕೋಣೆಯಲ್ಲಿ ಗೋಡೆಗೆಲ್ಲ ತಿಳಿ ಹಸಿರು ಬಣ್ಣ. ಪರದೆಯ ಮೂಲಕ ಬಂದ ಬಿಸಿಲು ನೆಲದ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು. ಎತ್ತರದ ಮಂಚದ ಮೇಲೆ ಕೂತ ಬಟಾಣಿಯ ಕಾಲುಗಳು ಆ ಬೆಳಕಿನ ಮೇಲೆ ತೂಗುತ್ತಿದ್ದವು. ಡಾಕ್ಟರು ವಯಸ್ಸಾದ ಹೆಂಗಸು, ದನಿ ಜೋರು, ಕೈ ನಿಧಾನ. ಬಟಾಣಿಯ ಗಂಟಲು ನೋಡಿದರು, ಗಾಳಿಯಲ್ಲಿ ಬೆರಳಾಡಿಸಿ ಕಣ್ಣು ನೋಡಿದರು, ಸಾಲು ಬರೆಸಿ ಕೈಬರಹ ನೋಡಿದರು. ಅಷ್ಟು ಹೊತ್ತೂ ಬಟಾಣಿ ಕಲ್ಲಿನ ಹಾಗೆ ಕೂತಿದ್ದಳು. ಒಂದು ಸಲವೂ ಕಣ್ಣು ಹೊಡೆದುಕೊಳ್ಳಲಿಲ್ಲ.

"ನೋಡಿದ್ರಾ ಡಾಕ್ಟ್ರೇ" ಅಂದ ಅಣ್ಣ. "ಬೇಕು ಅಂದ್ರೆ ನಿಲ್ಲತ್ತೆ. ಇನ್ನೂ ಬೇಕಾದ್ರೆ ಇಲ್ಲಿದೆ, ಒಂದು ವರ್ಷದ್ದು, ದಿನಕ್ಕೊಂದು." ಆಲ್ಬಂ ಮೇಜಿನ ಮೇಲಿಟ್ಟ.

"ಇಲ್ಲಿ ತಡ್ಕೊಂಡಿದ್ದಾಳೆ, ನಿಜ. ಸೀನು ತಡ್ಕೊಳ್ಳಲ್ವಾ ನೀವು? ಎಷ್ಟು ಹೊತ್ತು ತಡ್ಕೋತೀರಿ?" ಡಾಕ್ಟರು ಆಲ್ಬಂ ತೆರೆಯುತ್ತಾ ಕೇಳಿದರು. "ನಂಗೆ ಬೇಕಾಗಿರೋದು ಒಂದೇ. ಇದು ಶುರುವಾಗಿದ್ದು ಹೇಗೆ? ಮೆಲ್ಲಮೆಲ್ಲಗೆ ಬಂತಾ, ಇಲ್ಲಾ ಒಂದಿನ ಬೆಳಗಾಗೋದ್ರೊಳಗೆ ಬಂತಾ? ಅದರ ಮುಂಚೆ ಜ್ವರ, ಗಂಟಲು ನೋವು ಏನಾದ್ರೂ ಇತ್ತಾ?"

ನಾವು ಮೂವರೂ ಒಟ್ಟಿಗೆ ಬಾಯಿ ಬಿಟ್ಟೆವು. ಒಂದು ವರ್ಷದಿಂದ ಅಂದ ಅಣ್ಣ. ಶಾಲೆ ಶುರುವಾದಾಗಿನಿಂದ ಅಂದರು ಅತ್ತಿಗೆ. ಮೊನ್ನೆ ಮೊನ್ನೆಯಿಂದ ಅಂದೆ ನಾನು. ಗಂಟಲು ನೋವಿನ ಜ್ವರ ಒಂದು ಬಂದಿತ್ತು, ನಿಜ, ಮೂರು ದಿನ ಮಲಗಿದ್ದಳು. ಅದು ಮೊದಲೋ ಇದು ಮೊದಲೋ ಒಬ್ಬರಿಗೂ ನೆನಪಿಲ್ಲ.

"ಒಳ್ಳೆ ಮನೆ" ಅಂದರು ಡಾಕ್ಟರು. ಪುಟ ತಿರುಗಿಸಿದರು. "ಈ ಫೋಟೋಗಳಲ್ಲಂತೂ ಏನೂ ಕಾಣಿಸ್ತಿಲ್ಲ. ದಿನಾ ತೆಗೆದಿದ್ದೀರಿ ಅಂತೀರಿ. ಇಷ್ಟು ದಿನದಲ್ಲಿ ಒಂದ್ಸಲಾನೂ ಸಿಕ್ಕಿಬಿದ್ದಿಲ್ಲ ಅಂದ್ರೆ ನಾನು ಬೇರೆ ಥರಾನೇ ಯೋಚಿಸ್ಬೇಕಾಗತ್ತೆ."

ಬಟಾಣಿ ತಲೆ ತಗ್ಗಿಸಿದಳು. ಅವಳ ಕೊರಳ ಹಿಂಭಾಗ ಕಂಡಿತು, ಎರಡು ಜಡೆಗಳ ನಡುವಿನ ಬೈತಲೆ ಕಂಡಿತು. 

"ಅದು ನಾನು ಹಚ್ಚಿದ ಕಣ್ಣು" ಅಂದೆ.

ಯಾರಿಗೂ ಅರ್ಥವಾಗಲಿಲ್ಲ. ಎಲ್ಲ ಹೇಳಿದೆ. ಕಸುಬು, ರೂಢಿ, ಎರಡು ದಿನ, ಮೇಲೇ ಬರೆದದ್ದು, ಆಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದು. ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ದೂರದಿಂದ ಕೇಳಿಸುತ್ತಿತ್ತು. ಅಣ್ಣ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆಯುವುದಿಲ್ಲ.

"ಮೊದಲಿಂದು ಎಲ್ಲಿದೆ?" ಅಂದ.

"ಇಲ್ಲ. ನೀನೇ ಹೇಳಿದ್ದಲ್ವಾ, ಉಳಿಸ್ಬಾರ್ದು ಅಂತ."

 ಡಾಕ್ಟರು ಕನ್ನಡಕ ತೆಗೆದು ಮೂಗಿನ ಮೂಳೆ ಒತ್ತಿಕೊಂಡರು. "ಹಾಗಾದ್ರೆ ಯಾವ್ದು ಮುಚ್ಚಿತ್ತು, ಯಾವ್ದು ತೆರೆದಿತ್ತು ಅಂತ ಈಗ ಹೇಳಕ್ಕಾಗಲ್ಲ."

ಆಗುವುದಿಲ್ಲ ಅಂತಲೇ ನಾನೂ ಅಂದುಕೊಂಡಿದ್ದೆ. ಆದರೆ ಆಲ್ಬಂ ತೆರೆದೇ ಇತ್ತು, ಮೇಜಿನ ಮೇಲೆ ಒಂದು ಭೂತಗನ್ನಡಿ ಇತ್ತು, ನನ್ನ ಕೈ ತಾನಾಗಿ ಅದರತ್ತ ಹೋಯಿತು. ಬೇರೆ ಯಾವುದೂ ಬರದಿದ್ದಾಗ ಬರುವುದು ಕಲಿತ ಕೆಲಸವೇ. ಬಗ್ಗಿ ಬಟಾಣಿಯ ಒಂದೊಂದೇ ಕಣ್ಣಿನ ಒಳಗೆ ಹೋದೆ. ದುಂಡು ಕೊಡೆದೀಪ. ದುಂಡು ಕೊಡೆದೀಪ. ದುಂಡು. ಆಮೇಲೆ ಒಂದರಲ್ಲಿ ದೀಪವಿಲ್ಲ, ಅದರ ಜಾಗದಲ್ಲಿ ಚೌಕದ ಕಿಟಕಿ, ನಾಲ್ಕು ಗಾಜು, ನಡುವೆ ಅಡ್ಡಪಟ್ಟಿ.

"ಅಣ್ಣಾ, ದೀಪ ಸುಟ್ಟುಹೋಗಿದ್ದು ಯಾವತ್ತು?"

ಅವನು ತಕ್ಷಣ ಹೇಳಿದ. ಮಗಳಿಗೆ ಕಾಯಿಲೆ ಶುರುವಾದ ದಿನ ನೆನಪಿಲ್ಲದವನಿಗೆ ದೀಪ ಸುಟ್ಟ ದಿನ ಕಂಠಪಾಠ. ಒಂದೇ ಒಂದು ದಿನ ಹಾಗಾಗಿದ್ದು. ಆವತ್ತು ಕಿಟಕಿಯ ಪರದೆ ಸರಿಸಿ ಬರೀ ಹಗಲಿನ ಬೆಳಕಿನಲ್ಲಿ ಫೋಟೋ ತೆಗೆದಿದ್ದ, ಸಂಜೆ ಹೊಸ ದೀಪ ಬಂತು. ನಾನು ಆರಿಸಿದ ಚೆಂದದ ಕಣ್ಣು ಆ ಬೆಳಗಿನದು. ಹಚ್ಚಿದ ಕಡೆಯೆಲ್ಲ ಕಣ್ಣಿನ ಜೊತೆ ಕಿಟಕಿಯೂ ಹೋಗಿದೆ. ಕೆನ್ನೆಯ ಮೇಲೆ ದೀಪದ ಬೆಳಕು, ಕಣ್ಣಲ್ಲಿ ಕಿಟಕಿ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುವುದೇ ಬೇಡ, ಕಾಯಿಯ ಬೂದಿ ಅಲ್ಲೇ ಅಂಟಿತ್ತು.

"ಆ ಒಂದು ದಿನ ಬಿಟ್ಟು ಕಿಟಕಿ ಇದ್ದದ್ದೆಲ್ಲ ಮುಚ್ಚಿದ ಕಣ್ಣು" ಅಂದೆ. "ಬರ್ಕೊಳ್ಳಿ ಡಾಕ್ಟ್ರೇ."

ನಾನು ತಾರೀಕು ಓದಿದೆ, ಅತ್ತಿಗೆ ಡಾಕ್ಟರ ಕಾಗದ ಎಳೆದುಕೊಂಡು ಗುರುತು ಹಾಕಿದರು. ಟಿಕೆಟ್ ಕೊಟ್ಟ ಕೈ, ಒಂದೂ ತಪ್ಪಲಿಲ್ಲ. ಮೊದಲ ಒಂಬತ್ತು ತಿಂಗಳಲ್ಲಿ ಕಿಟಕಿ ಸಿಕ್ಕಿದ್ದು ಐದು ಸಲ. ಯಾರ ಕಣ್ಣಾದರೂ ಅಷ್ಟು ಮುಚ್ಚುತ್ತದೆ. ಆಮೇಲೆ ಮೂರು ದಿನ ಫೋಟೋನೇ ಇಲ್ಲ, ಜ್ವರದ ಖಾಲಿ ಜಾಗ. ಅದಾಗಿ ಒಂಬತ್ತು ದಿನ ದುಂಡು ದೀಪ. ಹತ್ತನೇ ದಿನ ದೀಪ ಸುಟ್ಟ ಬೆಳಗು, ನಿಜವಾಗಿ ತೆರೆದ ಕಣ್ಣು. ಅದರ ಮರುದಿನದಿಂದ ಕಿಟಕಿ, ಕಿಟಕಿ, ಕಿಟಕಿ. ನಡುವೆ ಒಂದೊಂದು ದಿನ ಬಿಟ್ಟು ಮತ್ತೆ ಕಿಟಕಿ.  ಎರಡು ತಿಂಗಳಿಡೀ ನಮ್ಮ ಬಟಾಣಿ ಒಂದೇ ಬೆಳಗನ್ನು ನೋಡುತ್ತಾ ಕೂತಿದ್ದಳು, ನಾನು ಕೂರಿಸಿದ್ದೆ.

ಡಾಕ್ಟರು ಆ ಪಟ್ಟಿಯ ಮೇಲೆ ಬೆರಳು ಓಡಿಸಿ ದೀಪ ಸುಟ್ಟ ದಿನದ ಹತ್ತಿರ ನಿಲ್ಲಿಸಿದರು. "ಒಂದಿನದಿಂದ ಇನ್ನೊಂದು ದಿನಕ್ಕೆ" ಅಂದರು. "ಕೇಳಿ. ಗಂಟಲಿನ ಕೆಲವು ಸೋಂಕು ಬಂದು ಹೋದ್ಮೇಲೆ ಕೆಲವು ಮಕ್ಕಳಿಗೆ ಹೀಗೆ ದಿಢೀರ್ ಅಂತ ಶುರುವಾಗತ್ತೆ ಅಂತಾರೆ. ಸೋಂಕಿನ ಜೊತೆ ಹೊಡೆದಾಡೋ ಮೈ, ತಲೆಕೆಟ್ಟು ತನ್ನ ಮಿದುಳಿನ ಮೇಲೇ ಕೈ ಮಾಡತ್ತೆ ಅಂತ ಒಂದು ಊಹೆ. ಎಲ್ಲ ಡಾಕ್ಟ್ರೂ ಒಪ್ಪಲ್ಲ. ನಾನೂ ಇವಳಿಗೆ ಅದೇ ಅಂತ ಆಣೆ ಮಾಡಲ್ಲ. ಎಷ್ಟೋ ಮಕ್ಕಳಿಗೆ ಯಾವ ಕಾರಣನೂ ಇಲ್ದೆ ಬರತ್ತೆ, ಬಂದ ಹಾಗೇ ಹೋಗತ್ತೆ. ಗಂಟಲು, ರಕ್ತ ಪರೀಕ್ಷೆ ಮಾಡಿಸಿ, ನರದ ಡಾಕ್ಟ್ರಿಗೂ ತೋರಿಸೋಣ. ಸೋಂಕು ಇನ್ನೂ ಇದ್ರೆ ಔಷಧಿ ಕೊಡ್ತೀನಿ. ನಿಲ್ಲತ್ತೋ ಇಲ್ವೋ ನಂಗೊತ್ತಿಲ್ಲ. ಆದ್ರೆ ಒಂದಂತೂ ಗೊತ್ತು." ಅವರು ನಮ್ಮನ್ನು ಬಿಟ್ಟು ಬಟಾಣಿಯ ಕಡೆ ತಿರುಗಿದರು. "ನೀನು ಬೇಕಂತ ಮಾಡ್ತಿಲ್ಲ. ಶಾಲೆಗೆ ನಾನೇ ಕಾಗದ ಬರೀತೀನಿ. ಇಲ್ಲಿ ತಡ್ಕೊಂಡು ಕೂರ್ಬೇಡ ಪುಟ್ಟಿ, ಬಿಡು."

ಬಟಾಣಿ ಬಿಡಲಿಲ್ಲ. ಅಪ್ಪನ ಮುಖ ನೋಡಿದಳು. ಅಣ್ಣ ಎದ್ದು ಬಂದು ಮಂಚದ ಪಕ್ಕ ನಿಂತ. ಮಾತು ಬರುವ ಜಾತಿಯ ಗಂಡಸಲ್ಲ ಅವನು. ಅವಳ ಚಪ್ಪಲಿ ನೆಲದ ಮೇಲೆ ಬಿದ್ದಿತ್ತು, ಅದನ್ನೆತ್ತಿ ಅವಳ ಕಾಲಿಗೆ ತೊಡಿಸುತ್ತಾ, "ತಪ್ಪಾಯ್ತು ಮಗಳೇ" ಅಂದ. ಚಪ್ಪಲಿಯ ಬೆಲ್ಟನ್ನೂ ತಾನೇ ಸಿಕ್ಕಿಸಿದ.

ವಾಪಸು ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ, ನಾನು ಅವಳ ಪಕ್ಕ. ಅಣ್ಣ ಅತ್ತಿಗೆ ಮುಂದಿನ ಸೀಟಿನಲ್ಲಿ. ಬಸ್ಸು ಖಾಲಿ ಇತ್ತು, ಮರಗಳ ನೆರಳು ನಮ್ಮ ಮಡಿಲ ಮೇಲೆ ಹರಿದು ಹೋಗುತ್ತಿತ್ತು. ಎರಡು ನಿಲ್ದಾಣ ದಾಟಿದ ಮೇಲೆ ಅವಳು ಬಿಟ್ಟಳು. ಕಣ್ಣು, ಹೆಗಲು, ಹ್ಞುಂ, ಮತ್ತೆ ಕಣ್ಣು, ಬೆಳಗಿನಿಂದ ಹಿಡಿದಿಟ್ಟದ್ದೆಲ್ಲ ಸಾಲಾಗಿ ಬಂತು. ನಾನು ನೋಡಿದೆ, ಮೊದಲ ಸಲ ಸರಿಯಾಗಿ ನೋಡಿದೆ. ಚೇಷ್ಟೆ ಎಲ್ಲಿತ್ತು ಅದರಲ್ಲಿ? ಸುಸ್ತಾದ ಒಂದು ಮಗು ಇತ್ತು ಅಷ್ಟೇ. ಮುಂದಿನ ಸೀಟಿನಿಂದ ಯಾರೂ ತಿರುಗಿ ನೋಡಲಿಲ್ಲ. ಅಲೆ ಇಳಿದ ಮೇಲೆ ಅವಳು ಕೇಳಿದಳು.

"ಅತ್ತೆ, ಅದೆಲ್ಲ ನೀನು ಹಚ್ಚಿದ್ದಾ?"

"ಹೂಂ."

"ನಿಜವಾಗ್ಲೂ ಮುಚ್ಚಿತ್ತಾ?"

"ಮುಚ್ಚಿತ್ತು."

ಅವಳು ಕಿಟಕಿಯ ಸರಳು ಹಿಡಿದುಕೊಂಡಳು. "ನಾನು ಏನಂದ್ಕೊಂಡಿದ್ದೆ ಗೊತ್ತಾ? ಸ್ಟೂಲ್ ಮೇಲೆ ಕೂತಾಗ ಕಣ್ಣು ಮುಚ್ಚಿದ್ದು ನಂಗೆ ನೆನಪಿರ್ತಿತ್ತು. ಆದ್ರೆ ಫೋಟೋದಲ್ಲಿ ತೆರೆದಿರ್ತಿತ್ತು. ಅದಕ್ಕೆ, ನಂಗೇ ಗೊತ್ತಾಗ್ದೆ ನಾನು ಸುಳ್ಳು ಹೇಳ್ತಿದೀನೇನೋ ಅಂದ್ಕೊಂಡೆ. ಎಲ್ಲ ಸುಳ್ಳೇನೋ ಅಂದ್ಕೊಂಡೆ."

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಮನೆಯವರು ನಂಬದಿದ್ದದ್ದು ಒಂದು ಕಡೆ ಇರಲಿ, ಎಂಟು ವರ್ಷದ ಕೂಸು ತನ್ನನ್ನೇ ನಂಬದ ಹಾಗೆ ಮಾಡಿದವಳು ನಾನು. ಅಷ್ಟು ಚೆನ್ನಾಗಿ ಮಾಡಿದ್ದೆ.

"ನೀನು ಒಂದು ಸಲಾನೂ ಸುಳ್ಳು ಹೇಳಿಲ್ಲ ಕಣೇ. ಹೇಳಿದ್ದು ನಾನು."

"ಎಷ್ಟು ಸಲ?"

"ಎಣಿಸಿಲ್ಲ."

"ಮನೆಗೆ ಹೋಗಿ ಎಣಿಸು" ಅಂದಳು ಬಟಾಣಿ. "ಒಂದೂ ಬಿಡ್ಬಾರ್ದು. ನಾನು ಪಕ್ಕದಲ್ಲೇ ಕೂತಿರ್ತೀನಿ."

ಅವಳ ದನಿಯಲ್ಲಿ ಕೋಪವಿತ್ತು, ಚೆನ್ನಾಗಿ ಕಾದ ಕೋಪ. ಆ ಆಲ್ಬಂ ಅವಳ ಮುಂದೆ ಹರಡಿದ ದಿನದಿಂದ ಅವಳಿಗೆ ನಮ್ಮ ಮೇಲೆ ಕೋಪ ಬಂದಿರಲೇ ಇಲ್ಲ ಅನ್ನುವುದು ನನಗೆ ಆಗ ಹೊಳೆಯಿತು. ತನ್ನದೇ ಸುಳ್ಳು ಅಂದುಕೊಂಡವಳಿಗೆ ಕೋಪ ಎಲ್ಲಿಂದ ಬರಬೇಕು? ಹೂಂ ಅಂದೆ. ಅವಳು ಮುಖ ತಿರುಗಿಸಿಕೊಂಡು, ನನ್ನಿಂದ ಒಂದು ಗೇಣು ದೂರ ಸರಿದು ಕೂತಳು. ನಾನು ಇದ್ದಲ್ಲೇ ಇದ್ದೆ, ನಮ್ಮ ನಿಲ್ದಾಣ ಬರುವವರೆಗೆ.